ಹುಣಸೆಹಣ್ಣಿನಲ್ಲಿ ತೊಳೆದ ರಿವಾಲ್ವರ್

"ಆಯುಧಪೂಜೆಗೆ ಅದನ್ನ ತೊಳೆಯೋದು ಮರೀಬೇಡಿ. ಹುಣಸೆಹಣ್ಣು ಮೇಲಿನ ಡಬ್ಬದಲ್ಲಿದೆ."

ನನ್ನ ಹೆಂಡತಿ ನನಗೆ ಕೊನೆಯದಾಗಿ ಹೇಳಿದ್ದು ಇಷ್ಟೇ. ಆಸ್ಪತ್ರೆಯಲ್ಲಿ ಹೇಳಿದಳು. ಬೆಳಿಗ್ಗೆ, ನಾನು ಕಾಫಿ ತರೋಕೆ ಹೊರಟಿದ್ದೆ. ಅದನ್ನ ಅಂದರೆ ಯಾವುದನ್ನ ಅಂತ ಕೇಳಲಿಲ್ಲ. ಬಂದು ಕೇಳಿದರಾಯಿತು ಅಂದುಕೊಂಡೆ. ಕಾಫಿ ತಂದೆ. ಅಷ್ಟರಲ್ಲಿ ಹೋಗಿಬಿಟ್ಟಿದ್ದಳು.

ನನ್ನ ಬದುಕಲ್ಲಿ ಹೀಗೆ ಆಗ್ತಾನೇ ಇರುತ್ತೆ. ಮನೆಯೊಳಗಿನ ವಿಷಯ ನನಗೆ ಎಲ್ಲರಿಗಿಂತ ಕೊನೇಲಿ ಗೊತ್ತಾಗುತ್ತೆ. ಗೊತ್ತಾದಾಗ ಕೂತಿದ್ದರೆ ಎದ್ದು ನಿಲ್ತೀನಿ, ನಿಂತಿದ್ದರೆ ಕೂತ್ಕೋತೀನಿ. ಈ ಮೂರು ತಿಂಗಳಲ್ಲಿ ಎಷ್ಟು ಸಲ ಎದ್ದೆನೋ ಎಷ್ಟು ಸಲ ಕೂತೆನೋ. ಅದನ್ನೇ ಬರೀತಿದೀನಿ. ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಬಾಗಿನದ ಮೊರ

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಅವಳ ಮಾತು ನೆನಪಾಯಿತು. ದೀಪದ ಕಂಬ ಇರಬೇಕು ಅಂದುಕೊಂಡೆ. ಆದರೆ ದೀಪದ ಕಂಬ ಅವಳು ವಾರವಾರವೂ ತೊಳೆಯೋಳು. ಅದಕ್ಕೆ ಹಬ್ಬ ಬೇಕಾಗಿರಲಿಲ್ಲ. ಗಂಟೆ, ಹಿತ್ತಾಳೆ ಕೊಡ, ಈಳಿಗೆಮಣೆ, ಎಲ್ಲ ನೋಡಿದೆ. ಯಾವುದೂ ಅಲ್ಲ ಅನ್ನಿಸಿತು.

ಆಯುಧಪೂಜೆ ದಿನ ನಾನು ಮನೇಲಿ ಇರೋನೇ ಅಲ್ಲ. ನಮ್ಮದು ಮಧುರೆ ಹೋಬಳಿ ಕಡೆ. ಚಿಕ್ಕವಯಸ್ಸಲ್ಲೇ ದೊಡ್ಡಬಳ್ಳಾಪುರಕ್ಕೆ ಬಂದು ಪವರ್‌ಲೂಮ್ ರಿಪೇರಿ ಕಲಿತೆ. ಹಬ್ಬದ ದಿನ ಬೆಳಿಗ್ಗೆ ಐದಕ್ಕೆ ಹೋದರೆ, ನಾನು ರಿಪೇರಿ ಮಾಡೋ ಮಗ್ಗದ ಶೆಡ್ಡುಗಳ ಪೂಜೆಯೆಲ್ಲ ಮುಗಿಸಿ ಬರೋದು ಮಧ್ಯಾಹ್ನ. ಅಷ್ಟರಲ್ಲಿ ಮನೇಲಿ ಅವಳು ಏನು ತೊಳೆದಳು, ಏನು ಪೂಜೆ ಮಾಡಿದಳು, ನಾನು ಕೇಳಿದವನಲ್ಲ.

ಒಂದು ದಿನ ರಾಗಿ ಹಿಟ್ಟು ಮುಗೀತು. ಮಿಲ್ಲಿಗೆ ಹಾಕಿಸೋಣ ಅಂತ ರಾಗಿ ಡ್ರಮ್ಮಿಗೆ ಕೈ ಹಾಕಿದೆ. ಅವಳಿದ್ದಾಗ ಆ ಡ್ರಮ್ಮು ಮುಟ್ಟೋಕೆ ಬಿಡ್ತಿರಲಿಲ್ಲ. ನೀವು ಚೆಲ್ತೀರಿ, ಬಿಡಿ, ಅನ್ನೋಳು. ಮೊಣಕೈವರೆಗೂ ಹೋದಾಗ ಏನೋ ತಗುಲಿತು. ಎಳೆದೆ. ಎರಡು ಚಿಕ್ಕ ಮೊರ, ಒಂದರ ಮೇಲೊಂದು ಕವುಚಿ ಅರಿಶಿನದ ದಾರ ಸುತ್ತಿತ್ತು. ಗೌರಿ ಹಬ್ಬಕ್ಕೆ ತವರಿನಿಂದ ಕೊಡೋ ಬಾಗಿನ. ಬಿಚ್ಚಿದೆ. ಒಳಗೆ ರವಿಕೆ ಬಟ್ಟೆಯಲ್ಲಿ ಸುತ್ತಿದ ಕಬ್ಬಿಣ. ಬೆಳ್ಳಗೆ ಫಳಫಳ ಹೊಳೀತಿತ್ತು. ಮೇಲೆ ಮೂರು ಬೊಟ್ಟು ಕುಂಕುಮ.

ಮಗ್ಗದ ಪಾರ್ಟು ಅಂದುಕೊಂಡೆ. ಹೌದು. ಯಾವ ಮಗ್ಗಕ್ಕೆ ಎಲ್ಲಿ ಕೂರುತ್ತೆ ಅಂತ ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ಆರು ತೂತಿನ ಚಕ್ರ ಕಾಣಿಸಿತು. ಆಮೇಲೆ ನಳಿಗೆ. ಅಡುಗೆಮನೆ ನೆಲದ ಮೇಲೆ ಕೂತುಬಿಟ್ಟೆ.

ಆ ಮೊರ ನನಗೆ ಗೊತ್ತು. ಮದುವೆಯಾದ ವರ್ಷದ ಗೌರಿ ಹಬ್ಬ. ಅವಳ ತವರು ಹೊಸಕೋಟೆ ತಾಲ್ಲೂಕು, ಅನುಗೊಂಡನಹಳ್ಳಿ ಹತ್ರ. ಹಬ್ಬ ಮುಗಿಸಿಕೊಂಡು ಇಬ್ಬರೂ ಬಸ್ಸಲ್ಲಿ ಬಂದೆವು. ಮೊರ ನನ್ನ ತೊಡೆ ಮೇಲೆ. ಏನೇ ಇಷ್ಟು ಭಾರ ಅಂದೆ. ಅಮ್ಮ ಈ ಸಲ ಬೆಲ್ಲ ಜಾಸ್ತಿ ಇಟ್ಟವಳೆ ಅಂದಳು. ದೇವನಹಳ್ಳೀಲಿ ಬಸ್ಸು ಬದಲಾಯಿಸಬೇಕು. ನಾನು ಚೀಲ ಇಳಿಸೋವರೆಗೂ ಅಲ್ಲಿದ್ದ ಒಬ್ಬ ಪೊಲೀಸಿನವನು ಮೊರ ಹಿಡ್ಕೊಂಡು ನಿಂತಿದ್ದ. ಗೌರಮ್ಮನ ಬಾಗಿನ ಅಂತ ಕಣ್ಣಿಗೆ ಒತ್ತಿಕೊಂಡು ವಾಪಸ್ ಕೊಟ್ಟ.

ಒಂದು ನಾಯಿ, ಒಂದು ಕಬ್ಬಿಣದ ಬಾಗಿಲು

ಅದು ನಮ್ಮ ಮಾವನ ರಿವಾಲ್ವರ್. ಕಣ್ಣಾರೆ ನೋಡಿರಲಿಲ್ಲ, ಕೇಳಿದ್ದೆ. ಮಾವನ ಅಪ್ಪ ಪಟೇಲರಾಗಿದ್ದರಂತೆ. ಕಾಡುಹಂದಿ ಕಾಟಕ್ಕೆ ಅಂತ ಮಹಾರಾಜರ ಕಾಲದಲ್ಲಿ ಲೈಸೆನ್ಸು ಮಾಡಿಸಿ ಇಟ್ಟುಕೊಂಡಿದ್ದರಂತೆ. ಮಾವನ ಕಾಲಕ್ಕೆ ಹಂದೀನೂ ಇರಲಿಲ್ಲ, ಲೈಸೆನ್ಸೂ ಇರಲಿಲ್ಲ. ಅವರು ಕುಡಿದು ಬಂದು ಊಟಕ್ಕೆ ಕೂತಾಗ ತಟ್ಟೆ ಪಕ್ಕ ಅದನ್ನ ಇಟ್ಟುಕೊಳ್ಳೋರು. ಭಾಗ ಕೇಳಿದೋನಿಗೆ ಇದು ಅಂತ ಇಬ್ಬರು ಗಂಡುಮಕ್ಕಳ ಕಡೆ ತೋರಿಸೋರು. ನನ್ನ ಹೆಂಡತಿ ಅವರಿಬ್ಬರಿಗೂ ಅಕ್ಕ.

ಒಂದು ದಿನ ರಿವಾಲ್ವರ್ ಕಾಣೆಯಾಯಿತು. ದೊಡ್ಡ ಬಾಮೈದ, ಚಿಕ್ಕೋನು ಎತ್ತಿದ ಅಂದ. ಚಿಕ್ಕ ಬಾಮೈದ, ದೊಡ್ಡೋನು ಎತ್ತಿದ ಅಂದ. ಮಾವ ಹೋದರು, ಅತ್ತೆ ಹೋದರು, ಜಮೀನು ಭಾಗವಾಯಿತು, ಮನೆ ನಡುವೆ ಗೋಡೆ ಎದ್ದಿತು. ಮೂವತ್ತೊಂದು ವರ್ಷ ಇಬ್ಬರಿಗೂ ಮಾತಿಲ್ಲ. ತಮ್ಮ ಯಾವಾಗ ಹೊಡೀತಾನೋ ಅಂತ ದೊಡ್ಡೋನು ನಾಯಿ ಸಾಕಿದ. ಅಣ್ಣ ಯಾವಾಗ ಹೊಡೀತಾನೋ ಅಂತ ಚಿಕ್ಕೋನು ಕಬ್ಬಿಣದ ಬಾಗಿಲು ಇಡಿಸಿದ. ನನ್ನ ಹೆಂಡತಿ ಎರಡು ಮನೆಗೂ ಹೋಗೋಳು. ಅವನ ಹತ್ರ ಅದಿಲ್ಲ ಕಣಪ್ಪ ಅಂತ ಇಬ್ಬರಿಗೂ ಹೇಳೋಳು. ಅಕ್ಕಾ, ನಿನಗೆ ಅವನು ಗೊತ್ತಿಲ್ಲ ಅಂತ ಇಬ್ಬರೂ ಅನ್ನೋರು.

ಅವಳಿಗೆ ಹೇಗೆ ಗೊತ್ತು ಅಂತ ನಾನೂ ಕೇಳಲಿಲ್ಲ.

ಈಗ ನನಗೆ ಚಿಂತೆ ಹತ್ತಿತು. ಹೇಳಿದರೆ, ಫೋಟೋ ಹೂವು ಬಾಡೋಕೆ ಮುಂಚೆ ಅವಳು ಕಳ್ಳಿ ಆಗ್ತಾಳೆ. ಹೇಳದಿದ್ದರೆ ಇವರಿಬ್ಬರೂ ಹೀಗೇ ಹಲ್ಲು ಕಡ್ಕೊಂಡು ಸಾಯ್ತಾರೆ. ಹನ್ನೊಂದನೇ ದಿನ ಇಬ್ಬರೂ ಪಂಕ್ತಿಯ ಎರಡು ತುದಿಯಲ್ಲಿ ಕೂತಿದ್ದರು. ಇಬ್ಬರೂ ಬೇರೆ ಬೇರೆ ಬಂದು ನನ್ನ ಕಿವಿಯಲ್ಲಿ, ಭಾವ, ಅವನ ಹತ್ರ ಹುಷಾರು, ರಿವಾಲ್ವರ್ ಇಟ್ಟವನೆ ಅಂದರು. ಆಮೇಲೆ ಎರಡೆರಡು ಮುದ್ದೆ ಉಂಡರು. ಆ ಮುದ್ದೆ ಅದೇ ಡ್ರಮ್ಮಿನ ರಾಗೀದು.

ಅರ

ಮೊದಲು ನಾನೇ ನೋಡಿದೆ. ಕಬ್ಬಿಣ ನನಗೆ ಗೊತ್ತು. ಚಕ್ರದಲ್ಲಿ ಆಟ ಇಲ್ಲ. ಸ್ಪ್ರಿಂಗು ಗಟ್ಟಿ. ತುಕ್ಕಿನ ಒಂದು ಚುಕ್ಕೆ ಇಲ್ಲ. ಹಿಡಿಯ ಮರ ಸವೆದು ಸೋಪಿನ ಹಾಗಾಗಿತ್ತು. ಒಂದು ಕಡೆ ಏನೋ ಅಕ್ಷರ ಇದ್ದ ಜಾಗ. ಅಕ್ಷರ ಇಲ್ಲ, ಜಾಗ ಮಾತ್ರ ಇತ್ತು. ನಾಲ್ಕು ಸ್ಕ್ರೂನಲ್ಲಿ ಮೂರು ಒಂದೇ ಥರ, ಒಂದು ಹಿತ್ತಾಳೇದು.

ಅದೇ ಮೊರದಲ್ಲಿ, ಬಟ್ಟೆ ಕೆಳಗೆ, ಒಂದು ಮೂರು ಮೂಲೆ ಅರಾನೂ ಇತ್ತು. ಕಬ್ಬಿಣ ಉಜ್ಜೋ ಅರ. ಅದು ಅಲ್ಲಿ ಯಾಕಿದೆ ಅಂತ ಅವತ್ತು ತಿಳೀಲಿಲ್ಲ.

ಇನ್ನೊಂದು ಜೊತೆ ಕಣ್ಣು ಬೇಕು ಅನ್ನಿಸಿತು. ಪಕ್ಕದ ಮನೆಯವನೂ ಮಗ್ಗ ರಿಪೇರಿಯವನೇ. ಕೂಗಿದೆ. ಬರೋಕೆ ಹಿಂದೆ ಮುಂದೆ ನೋಡಿದ. ಅವನಿಗೂ ನನಗೂ ಅಷ್ಟಕ್ಕಷ್ಟೆ. ಮದುವೆಯಾದ ಹೊಸದರಲ್ಲಿ ನನ್ನದೊಂದು ಅರ ಕಳೆದಿತ್ತು. ಅವನೇ ಎತ್ತಿದ ಅಂತ ನಾನು ಶೆಡ್ಡು ಶೆಡ್ಡಿಗೂ ಹೇಳಿಬಿಟ್ಟಿದ್ದೆ. ಅವನಿಗೆ ಕೆಲವರು ಕೆಲಸ ಕೊಡೋದನ್ನೂ ಬಿಟ್ಟಿದ್ದರು.

ಬಂದ. ನೆಲದ ಮೇಲೆ ಮೊರ ಬಿಚ್ಚಿಟ್ಟಿದ್ದೆ. ರಿವಾಲ್ವರ್ ನೋಡಿದರೆ ಬೆಚ್ಚಿಬೀಳ್ತಾನೆ ಅಂತ ಕಾದೆ. ಅವನು ಅದನ್ನ ಒಂದು ಬೆರಳಲ್ಲಿ ಆಚೆ ಸರಿಸಿದ. ಅರ ಎತ್ತಿಕೊಂಡ. ಹಿಡಿ ತಿರುಗಿಸಿದ. ನಾನು ಹಾಕಿಕೊಂಡ ಎರಡು ಗೀಟಿನ ಗುರುತು ಹಾಗೇ ಇತ್ತು. ಬಹಳ ಹೊತ್ತು ನೋಡಿದ.

"ಅಣ್ಣ, ಇದು ಮೂವತ್ತೊಂದು ವರ್ಷದಿಂದ ನಾನು ಕದ್ದಿರೋ ಅರ ಅಲ್ವಾ?"

ನಾನು ಕೈ ಮುಗಿದೆ. ಅವನು ಬಿಡಣ್ಣ ಅಂದ. ಆಮೇಲೆ ರಿವಾಲ್ವರ್ ಎತ್ತಿ ಹಿತ್ತಾಳೆ ಸ್ಕ್ರೂ ಮೇಲೆ ಉಗುರು ಇಟ್ಟ. ಅದು ಅವನ ಡಬ್ಬದ್ದಂತೆ. ಆ ಕಾಲದಲ್ಲಿ ಆ ಸ್ಕ್ರೂ ಇಟ್ಟಿದ್ದೋನು ಈ ಬೀದಿಯಲ್ಲಿ ಅವನೊಬ್ಬನೇ. ಒಂದು ಕಡಿಮೆಯಾದ ದಿನದಿಂದ ನನ್ನ ಮೇಲೆ ಅನುಮಾನ ಇತ್ತಂತೆ. ನಾನು ಅವನನ್ನ ಊರೆಲ್ಲ ಕಳ್ಳ ಅಂದೆ. ಅವನು ನನ್ನನ್ನ ಮನಸ್ಸಲ್ಲೇ ಅಂದುಕೊಂಡಿದ್ದ.

ಬೆಳ್ಳಿ ಅಂಗಡಿ

ಪಕ್ಕದ ಮನೆಯವನ ಪ್ರಕಾರ ಕಬ್ಬಿಣ ಇಷ್ಟು ಬೆಳ್ಳಗಿರೋಲ್ಲ. ಪಟೇಲರ ಸಾಮಾನು, ಬೆಳ್ಳಿ ಲೇಪ ಇರಬೇಕು. ಬೆಲೆ ತಿಳಿದರೆ ಬಾಮೈದರಿಗೆ ಹೇಳೋಕಾದರೂ ಒಂದು ದಾರಿ ಸಿಗುತ್ತೆ ಅಂದ. ನನಗೂ ಹೌದು ಅನ್ನಿಸಿತು. ವೈರ್ ಬ್ಯಾಗಿಗೆ ಹಾಕಿಕೊಂಡು ಬಜಾರಿಗೆ ಹೋದೆ. ಅವಳಿಗೆ ಕಾಲುಂಗುರ ತಂದ ಅಂಗಡಿ.

ಇಬ್ಬರು ಹೆಂಗಸರು ಕಾಲುಚೈನು ನೋಡ್ತಿದ್ದರು. ಸರದಿ ಕಾದೆ. ತೆಗೀರಿ ಯಜಮಾನ್ರೇ ಅಂದರು ಮಾಲೀಕರು. ತೆಗೆದು ಗಾಜಿನ ಮೇಲೆ ಇಟ್ಟೆ. ಇಟ್ಟಿದ್ದು ಸರಿಯಾಗಲಿಲ್ಲ. ಅದರ ಮೂತಿ ಅವರ ಕಡೆ ತಿರುಗಿತ್ತು. ಇದನ್ನ ಸ್ವಲ್ಪ ನೋಡಿ ಅಂದೆ.

ನನಗೆ ಮಾತು ನಿಧಾನ. ಮುಂದಿನ ಮಾತು ಕೂಡಿಸಿಕೊಳ್ಳೋ ಹೊತ್ತಿಗೆ ಅವರು ಕಾಲುಚೈನಿನ ಟ್ರೇ ನನ್ನ ಮುಂದಕ್ಕೆ ತಳ್ಳಿದರು. ನಾನು, ಇದು ಬೇಡ ಅಂದೆ. ಒಳಗೆ ಹೋಗಿ ಸರದ ಪೆಟ್ಟಿಗೆ ತಂದಿಟ್ಟರು. ಅದೂ ಬೇಡ ಅಂದೆ. ಇನ್ನೂ ದೊಡ್ಡ ಪೆಟ್ಟಿಗೆ ಬಂತು. ಹಳೇ ಗಿರಾಕಿ ಅಂತ ಎಷ್ಟು ಮರ್ಯಾದೆ ಅಂದುಕೊಂಡೆ. ಹೆಂಗಸರು ಹೋದರಲ್ಲ ಅಂತ ತಿರುಗಿ ನೋಡಿದರೆ ಬೆಂಚಿನ ಕೆಳಗಿದ್ದರು.

ತೂಕ ಹಾಕಿ ಅಂದೆ. ಅವರು ತಮ್ಮದೇ ಸರಗಳನ್ನ ತಕ್ಕಡಿಗೆ ಹಾಕಿದರು. ಅದಲ್ಲ ಸ್ವಾಮಿ, ನಂದು ಅಂದೆ. ಆವಾಗ ನನ್ನ ಮುಖ ನೋಡಿದರು. ಗುರುತು ಸಿಕ್ಕಿತು. ಕೂತು ಎರಡು ಲೋಟ ನೀರು ಕುಡಿದರು. ಆಮೇಲೆ ಒರೆಗಲ್ಲಿಗೆ ತಿಕ್ಕಿ, ಬೆಳ್ಳಿ ಅಲ್ಲ, ಬರೀ ಕಬ್ಬಿಣ ಅಂದರು.

ಹೊರಡುವಾಗ ಒಂದು ಕ್ಯಾಲೆಂಡರು ಕೊಟ್ಟರು. ಇನ್ನು ಮೇಲೆ ಏನಾದರೂ ಬೇಕಿದ್ದರೆ ನೀವು ಬರೋದು ಬೇಡ, ಫೋನು ಮಾಡಿ, ಮನೆಗೇ ಕಳಿಸ್ತೀನಿ ಅಂದರು. ಅಷ್ಟು ಹಳೇ ಗಿರಾಕಿ ನಾನು.

ಮಿಲಿಟರಿ ಮನೆ

ಹಿಂದಿನ ಬೀದಿಯಲ್ಲಿ ಮಿಲಿಟರಿಯಿಂದ ರಿಟೈರ್ ಆದವರು ಒಬ್ಬರಿದಾರೆ. ಅವರ ಹತ್ರ ಹೋದೆ. ಬ್ಯಾಗು ತೆಗೆದ ಕೂಡಲೇ ನಿಲ್ಲು ಅಂದರು. ನಿಂತೆ. ನೆಲದ ಮೇಲೆ ಇಡು ಅಂದರು. ಇಟ್ಟೆ. ಮೂತಿ ಗೋಡೆಗೆ ತಿರುಗಿಸು ಅಂದರು. ಮೂರು ಹೆಜ್ಜೆ ಹಿಂದೆ ಹೋಗು ಅಂದರು. ಹೋದೆ. ಹಿಂದೆ ತುಳಸಿಕಟ್ಟೆ ಇತ್ತು. ಅದಕ್ಕೆ ಒರಗಿ ನಿಂತೆ.

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ಮೊದಲನೇ ಮಹಾಯುದ್ಧದ್ದು ಅಂದರು. ಕೈಗೆತ್ತಿಕೊಂಡು, ಅಲ್ಲ, ಎರಡನೇದು ಅಂದರು. ಅಕ್ಷರ ಹುಡುಕಿದರು. ಸಿಗಲಿಲ್ಲ. ಯಾವ ಯುದ್ಧಾನೂ ಅಲ್ಲ, ಯಾರೋ ಸಾಹುಕಾರ ತರಿಸಿದ್ದು ಅಂದರು. ಗುಂಡು ಇದೆಯಾ ನೋಡೋಣ ಅಂತ ಚಕ್ರ ಹೊರಗೆ ತಿರುಗಿಸಿ ತಟ್ಟಿದರು. ಆರು ತೂತಿನಿಂದಲೂ ರಾಗಿ ಸುರೀತು. ನಳಿಗೆ ಬಗ್ಗಿಸಿದರೆ ಅದರಿಂದಲೂ ರಾಗಿ. ಅವರು ಹಿಮದಲ್ಲಿ ಡ್ಯೂಟಿ ಮಾಡಿದೋರು, ಮರಳುಗಾಡಲ್ಲಿ ಮಾಡಿದೋರು. ರಾಗಿ ತುಂಬಿದ ರಿವಾಲ್ವರ್ ಎಲ್ಲೂ ನೋಡಿಲ್ಲ ಅಂದರು.

ಆಮೇಲೆ ಕೂರಿಸಿ ಹೇಳಿದರು. ಲೈಸೆನ್ಸಿಲ್ಲದೆ ಇದು ಮನೇಲಿರೋದೇ ಅಪರಾಧ. ಬ್ಯಾಗಲ್ಲಿ ಹಾಕಿಕೊಂಡು ಬಜಾರು ಸುತ್ತೋದು ಇನ್ನೂ ದೊಡ್ಡ ಅಪರಾಧ. ಇವತ್ತೇ ಸ್ಟೇಷನ್ನಿಗೆ ಒಪ್ಪಿಸು. ಯಾರು ಇಟ್ಟಿದ್ದು ಅಂತ ಕೇಳ್ತಾರೆ, ಹೆಸರು ಬರ್ಕೋತಾರೆ ಅಂದರು. ಅದು ಕೇಳಿ ಎದ್ದು ನಿಂತೆ. ಬದುಕಿದ್ದಾಗ ರೇಷನ್ ಕಾರ್ಡು ಬಿಟ್ಟು ಎಲ್ಲೂ ಹೆಸರು ಬರೆಸದವಳು ಅವಳು.

ಅಷ್ಟರಲ್ಲಿ ಅವರ ಮನೆಯವರು ಹೊರಗೆ ಬಂದರು. ರಿವಾಲ್ವರ್ ಕಡೆ ನೋಡಲೇ ಇಲ್ಲ. ನೆಲದ ಮೇಲಿನ ರಾಗಿ ಅಂಗೈಯಲ್ಲಿ ಎತ್ತಿ ಊದಿ, ಹುಳ ಬಿದ್ದಿಲ್ಲ, ಕಲ್ಲಿಲ್ಲ, ಒಳ್ಳೇ ರಾಗಿ, ಎಲ್ಲಿ ತಂದ್ರಿ ಅಂದರು. ಅವತ್ತು ಖಾತ್ರಿಯಾಗಿ ಕಂಡೀಷನ್ ಗೊತ್ತಾಗಿದ್ದು ರಾಗೀದು ಒಂದೇ.

ಸ್ಟೇಷನ್ನಿನ ಪುಸ್ತಕ

ಅಲ್ಲಿಂದ ನೇರ ಸ್ಟೇಷನ್ನಿಗೆ ಹೋದೆ. ಎಸ್ಐ ಹೆಣ್ಣುಮಗಳು, ಚಿಕ್ಕ ವಯಸ್ಸು. ಮೇಜಿನ ಮೇಲೆ ಇಟ್ಟೆ. ಮೂತಿ ಗೋಡೆ ಕಡೆಗೆ. ಅಷ್ಟರಲ್ಲಿ ಕಲಿತಿದ್ದೆ.

ಮೇಡಂ ಎಲ್ಲಿ ಸಿಕ್ಕಿತು ಅಂದರು. ರಾಗಿ ಡ್ರಮ್ಮಲ್ಲಿ ಅಂದೆ. ಯಾರದು ಅಂದರು. ಮಾವಂದು ಅಂದೆ. ಅಲ್ಲಿಂದ ನಿಮ್ಮ ಮನೆಗೆ ಯಾರು ತಂದರು ಅಂದರು.

"ನಾನೇ ತಂದೆ ಮೇಡಂ. ಬಸ್ಸಲ್ಲಿ. ತೊಡೆ ಮೇಲೆ ಇಟ್ಕೊಂಡು."

ಸುಳ್ಳಲ್ಲವಲ್ಲ. ಅವರು ನನ್ನನ್ನ ಒಂದು ಸಲ ನೋಡಿದರು. ಪೇದೆಗಳಿಗೆ ನಗು ಬಂತು. ಮೇಡಂ ನಗಲಿಲ್ಲ. ಪುಸ್ತಕದಲ್ಲಿ ಬರೆದರು. ಓದಿ ಹೇಳಿದರು. ಹಳೆಯ ರಿವಾಲ್ವರ್ ಒಂದು, ಬಿಳಿ ಬಣ್ಣ, ಹೊಳೆಯುವ ಸ್ಥಿತಿಯಲ್ಲಿದೆ. ನಾನು ಬಲಗೈಯಲ್ಲಿ ಸಹಿ ಹಾಕಿದೆ. ಕರೆದಾಗ ಬರಬೇಕು, ಊರು ಬಿಡಬಾರದು ಅಂದರು. ಮದುವೆ, ಸಾವು ಬಿಟ್ಟರೆ ನಾನು ಊರು ಬಿಟ್ಟವನೇ ಅಲ್ಲ ಅಂದೆ. ಅದನ್ನೂ ಬರ್ಕೊಂಡರು.

ಎಡಗೈ

ಆಯುಧಪೂಜೆ ಹಿಂದಿನ ದಿನ ಕರೆ ಬಂತು. ಸ್ಟೇಷನ್ನಿನ ಬಂದೂಕುಗಳನ್ನ ಹಬ್ಬಕ್ಕೆ ಮುಂಚೆ ನೋಡೋಕೆ ಜಿಲ್ಲೆಯಿಂದ ಬಂದೂಕು ರಿಪೇರಿಯವರು ಬಂದಿದ್ದರು. ಇದನ್ನೂ ನೋಡಿ ವಯಸ್ಸು, ಸ್ಥಿತಿ, ಬೆಲೆ ಹೇಳಲಿ ಅಂತ ಮೇಡಂ ಎಲ್ಲರನ್ನೂ ಕರೆಸಿದ್ದರು. ನಾನು ಹೋಗೋ ಹೊತ್ತಿಗೆ ಬಾಮೈದರಿಬ್ಬರೂ ಇದ್ದರು. ಒಬ್ಬ ಆ ಬೆಂಚು, ಒಬ್ಬ ಈ ಬೆಂಚು.

ಇಬ್ಬರೂ ನನ್ನ ಮುಖ ನೋಡಿದರು. ಭಾವ, ಎತ್ತಿದ್ದು ನೀವಾ ಅಂದ ದೊಡ್ಡೋನು. ಹೂಂ ಅಂದೆ. ಅವರಿಗೆ ನಂಬೋಕಾಗಲ್ಲ, ಬಿಡೋಕಾಗಲ್ಲ. ಆದರೂ ಸಾಮಾನು ಕಂಡ ಮೇಲೆ ಸುಮ್ಮನಿರ್ತಾರಾ? ಮೊದಲನೇ ಮಗನಿಗೆ ಸೇರಬೇಕು ಅಂದ ದೊಡ್ಡೋನು. ಅಪ್ಪ ನನಗೆ ಅಂತ ಬಾಯಿಬಿಟ್ಟು ಹೇಳಿದ್ದ ಅಂದ ಚಿಕ್ಕೋನು. ಎಷ್ಟೋ ಲಕ್ಷದ ಸಾಮಾನು, ನ್ಯಾಯವಾಗಿ ನೋಡಿ ಅಂತ ಇಬ್ಬರೂ ಮೇಡಂಗೆ ಹೇಳಿದರು.

ರಿಪೇರಿಯವರು ವಯಸ್ಸಾದವರು. ಭೂತಗನ್ನಡಿ ಹಿಡಿದು ನೋಡಿದರು. ಆಕಾರ ನೋಡಿದರೆ ನೂರು ವರ್ಷ ದಾಟಿದೆ, ಇಂಗ್ಲೆಂಡಿನ ಕಡೆಯದು ಅಂದರು. ಬಾಮೈದರು ಬೆಂಚಿನ ತುದಿಗೆ ಬಂದರು. ಮಾಡಿದವರ ಹೆಸರು, ನಂಬರು ಇದ್ದಿದ್ದರೆ ಬೇರೆ ಮಾತಾಗಿತ್ತು ಅಂದರು. ಬೆರಳಲ್ಲಿ ಸವರಿದರು. ಮೂಸಿದರು. ಅವರ ಮುಖ ಒಂಥರಾ ಆಯಿತು.

ಇದನ್ನ ಏನು ಹಾಕಿ ತಿಕ್ಕಿದೀರಿ ಅಂತ ನನ್ನನ್ನ ಕೇಳಿದರು. ಹುಣಸೆಹಣ್ಣು, ಬೂದಿ ಅಂದೆ. ಎಷ್ಟು ಸಲ ಅಂದರು. ವರ್ಷಕ್ಕೊಂದು ಸಲ, ಮೂವತ್ತೊಂದು ವರ್ಷ ಅಂದೆ. ಅವರು ಎರಡು ಕೈಯಲ್ಲೂ ತಲೆ ಹಿಡ್ಕೊಂಡರು. ಹಳೇ ಕಬ್ಬಿಣದ ಕಪ್ಪು ಬಣ್ಣವೇ ಅದರ ಬೆಲೆಯಂತೆ. ಅದನ್ನ ಒಂದು ಸಲ ತಿಕ್ಕಿದರೇ ಅರ್ಧ ಹೋಗುತ್ತಂತೆ. ಈಗ ಎಷ್ಟು ಅಂತ ಮೇಡಂ ಕೇಳಿದರು. ಒಂದು ಬಾಣಲೆಗೆ ಎಷ್ಟೋ ಅಷ್ಟು ಅಂದರು. ಬಾಮೈದರು ಬೆಂಚಿಗೆ ಒರಗಿದರು.

ಇನ್ನೊಂದು ವಿಷಯ ಅಂದರು ರಿಪೇರಿಯವರು. ಇದು ಬಾಣಲೆಗಿಂತ ಕಡೆ. ಬಾಣಲೆ ಕೆಲಸ ಮಾಡುತ್ತೆ, ಇದು ಮಾಡಲ್ಲ. ಗುಂಡಿನ ಹಿಂದೆ ಹೊಡೆಯೋ ಚೂಪು ತುದಿ ಇದರಲ್ಲಿಲ್ಲ. ತಾನಾಗಿ ಮುರಿದಿದ್ದಲ್ಲ. ಸ್ಕ್ರೂ ಬಿಚ್ಚಿ, ಒಳಗಿಂದ ತೆಗೆದು, ಮೂರು ಮೂಲೆ ಅರದಲ್ಲಿ ಕೊಯ್ದಿದಾರೆ. ಗೀರೆಲ್ಲ ಸವೆದಿರೋದು ನೋಡಿದರೆ ಬಹಳ ಹಿಂದೆ.

ನನಗೆ ಕೂರೋಕೆ ಕುರ್ಚಿ ಇರಲಿಲ್ಲ. ಗೋಡೆ ಹಿಡ್ಕೊಂಡೆ.

ಗೀರು ಬಂದಿರೋ ಓರೆ ನೋಡಿ ಅಂತ ಅವರು ಮೇಡಂಗೆ ಭೂತಗನ್ನಡಿ ಕೊಟ್ಟರು. ಕೊಯ್ದೋರು ಎಡಗೈಯವರು ಅಂದರು. ಮೇಡಂ ನೋಡಿದರು. ಪುಸ್ತಕದಲ್ಲಿ ನನ್ನ ಸಹಿ ನೋಡಿದರು. ಯಜಮಾನ್ರೇ, ನೀವು ಎಡಗೈಯವರಲ್ಲ ಅಂದರು. ನಾನು ಬಲಗೈ ಬೆನ್ನ ಹಿಂದೆ ಇಟ್ಟುಕೊಂಡೆ. ನಿಮ್ಮ ಕಡೆ ಎಡಗೈಯವರು ಯಾರು ಅಂತ ಕೇಳಿದರು.

"ನಮ್ಮಕ್ಕ."

ಎರಡು ಬೆಂಚಿನಿಂದಲೂ ಒಂದೇ ಸಲ ಬಂತು. ಹೇಳಿದ ಮೇಲೆ ಇಬ್ಬರೂ ಬಾಯಿ ಮುಚ್ಚಿಕೊಂಡರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಮೂವತ್ತೊಂದು ವರ್ಷದ ಮೇಲೆ ನೋಡಿದ್ದು. ಇಬ್ಬರಿಗೂ ಕೂದಲು ನರೆತಿತ್ತು. ಅದೂ ಈಗಲೇ ಗೊತ್ತಾದ ಹಾಗಿತ್ತು.

"ಹಂಗಾದ್ರೆ ನಿನ್ ಹತ್ರ ಇರ್ಲಿಲ್ವೇನಣ್ಣ?" ಅಂದ ಚಿಕ್ಕೋನು.

"ನಿನ್ ಹತ್ರ ಇರ್ಲಿಲ್ವೇನ್ಲಾ? ನಿನ್ ಭಯಕ್ಕೆ ಮೂರು ನಾಯಿ ಸಾಕಿ ಸಾಯಿಸಿದೀನಿ ಕಣೋ. ಈಗಿರೋದು ನಾಲ್ಕನೇದು."

"ನಾನು ಬೇಸಿಗೇಲೂ ಆ ಕಬ್ಬಿಣದ ಬಾಗಿಲು ಹಾಕ್ಕೊಂಡು ಬೆಂದಿದೀನಿ."

ಮೇಡಂ ಪೆನ್ನಲ್ಲಿ ಮೇಜು ತಟ್ಟಿದರು. ಇದು ನಂದು ಅನ್ನೋರು ಮುಂದೆ ಬನ್ನಿ, ಲೈಸೆನ್ಸು ಇಷ್ಟು ವರ್ಷ ಯಾಕಿಲ್ಲ ಅಂತ ಅವರೇ ಉತ್ತರ ಕೊಡಬೇಕು ಅಂದರು. ನಮ್ದಲ್ಲ ಮೇಡಂ ಅಂದರು. ಅದೂ ಒಂದೇ ಸಲ. ಈ ಸಾಮಾನು ನೋಡೇ ಇಲ್ಲ ಅಂತ ದೊಡ್ಡೋನು ಸೇರಿಸಿದ. ನಮ್ಮಪ್ಪನ ಹತ್ರ ಇದ್ದಿದ್ದು ಕಪ್ಪಗಿತ್ತು ಅಂದ ಚಿಕ್ಕೋನು.

"ಯಾರದೂ ಅಲ್ಲ ಅಂದ್ಮೇಲೆ ಯಾರೂ ಕದ್ದಿಲ್ಲ," ಅಂದರು ಮೇಡಂ. ವಾರಸುದಾರರಿಲ್ಲದ ಆಯುಧ, ರಾಗಿ ಡ್ರಮ್ಮಿನಲ್ಲಿ ಸಿಕ್ಕಿದ್ದು, ಕೆಲಸ ಮಾಡುವುದಿಲ್ಲ. ಅಷ್ಟೇ ಬರೆದರು. ಅವಳ ಹೆಸರು ಬರೆಯಲಿಲ್ಲ. ನಾನು ಬಗ್ಗಿ ಬಗ್ಗಿ ನೋಡಿದೆ.

ಹೊರಗೆ ಟೀ ಅಂಗಡಿಯಲ್ಲಿ ಮೂವರೂ ನಿಂತೆವು. ಒಂದೊಂದು ಲೋಟ ಕುಡಿದೆವು. ಪ್ರತಿ ಗೌರಿ ಹಬ್ಬಕ್ಕೂ ಬರೋಳು ಭಾವ, ನಮಗೆ ಒಂದು ಮಾತು ಹೇಳಬಾರದಿತ್ತಾ ಅಂದ ದೊಡ್ಡೋನು.

"ಹೇಳಿದಳಲ್ಲಪ್ಪ," ಅಂದೆ. "ಅವನ ಹತ್ರ ಇಲ್ಲ, ಅವನ ಹತ್ರ ಇಲ್ಲ ಅಂತ ಹೋದಾಗೆಲ್ಲ ಹೇಳಿದಳು."

ಚಿಕ್ಕೋನು ಆ ಕಡೆ ತಿರುಗಿಕೊಂಡು ಮುಖ ಒರೆಸಿಕೊಂಡ. ಆಮೇಲೆ ಇಬ್ಬರೂ ಮಾತಾಡ್ತಾ ಹೋಗಿ ಒಂದೇ ಬೈಕು ಹತ್ತಿ ಹೋದರು. ಇನ್ನೊಂದು ಬೈಕು ಸ್ಟೇಷನ್ ಮುಂದೇ ಉಳೀತು. ಇವತ್ತೂ ಅಲ್ಲೇ ಇದೆ.

ಮಾರನೇ ಬೆಳಿಗ್ಗೆ

ಐದಕ್ಕೇ ಎಚ್ಚರವಾಯಿತು. ಸಾವಾದ ಮನೆಗೆ ಒಂದು ವರ್ಷ ಹಬ್ಬ ಇಲ್ಲ. ಶೆಡ್ಡಿನವರೂ ಈ ಸಲ ಕರೆದಿರಲಿಲ್ಲ. ಕೂತಿದ್ದೆ. ಆಮೇಲೆ ಸ್ಟೂಲು ಹತ್ತಿ ಮೇಲಿನ ಡಬ್ಬ ತೆಗೆದೆ. ಹುಣಸೆಹಣ್ಣಿತ್ತು. ಬೀಜ, ನಾರು ತೆಗೆದು ಉಂಡೆ ಮಾಡಿ ಇಟ್ಟಿದ್ದಳು. ಒಂದೇ ಉಂಡೆ.

ಡಬ್ಬ ಹಿಡ್ಕೊಂಡು ಸ್ಟೇಷನ್ನಿಗೆ ಹೋದೆ. ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. ಜೀಪು ತೊಳೆದಿದ್ದರು. ಬಂದೂಕುಗಳನ್ನ ಸಾಲಾಗಿ ನಿಲ್ಲಿಸಿ ಚೆಂಡುಹೂವು ಹಾಕಿದ್ದರು. ರಿಪೇರಿಯವರು ಪೂಜೆ ಮುಗಿಸಿಕೊಂಡೇ ಹೋಗೋಣ ಅಂತ ಉಳಿದಿದ್ದರು. ನಾನು ಬಂದ ವಿಷಯ ಹೇಳಿದೆ. ಪುಸ್ತಕಕ್ಕೆ ಏರಿದ ಸಾಮಾನು ಮುಟ್ಟೋ ಹಾಗಿಲ್ಲ ಅಂದರು ಹೆಡ್ ಕಾನ್‌ಸ್ಟೇಬಲ್. ಅಲ್ಲದೆ ನಿಮಗೆ ಈ ವರ್ಷ ಹಬ್ಬ ಇಲ್ಲವಲ್ಲ ಅಂದರು. ಎರಡೂ ನಿಜ. ತಿರುಗಿ ಹೊರಟೆ.

ಮೇಡಂ ಕರೆದರು. ಡಬ್ಬದಲ್ಲಿ ಏನು ಅಂದರು. ಹೇಳಿದೆ. ಅವಳು ಕೊನೆಯದಾಗಿ ಹೇಳಿದ ಮಾತನ್ನೂ ಹೇಳಿದೆ. ಅವರು ಪುಸ್ತಕ ತೆಗೆದರು. ಬೀರುವಿನಿಂದ ರಿವಾಲ್ವರ್ ತರಿಸಿದರು. ಇಷ್ಟು ದಿನದಲ್ಲಿ ಎಲ್ಲರ ಕೈ ತಾಗಿ ಮಂಕಾಗಿತ್ತು.

"ಹೊಳೆಯುವ ಸ್ಥಿತಿಯಲ್ಲಿದೆ ಅಂತ ನಾನೇ ಬರೆದಿದೀನಿ. ಬರೆದ ಹಾಗೆ ಇಲ್ವಲ್ಲ. ಇದ್ದ ಹಾಗೆ ಮಾಡಿಕೊಡಿ," ಅಂದರು. ಹೆಡ್ ಕಾನ್‌ಸ್ಟೇಬಲ್ ಏನೋ ಹೇಳೋಕೆ ಬಂದರು. ಸಾವಾಗಿರೋದು ಅವರ ಮನೇಲಿ, ಸ್ಟೇಷನ್ನಿಗೆ ಸೂತಕ ಇಲ್ಲ ಅಂದರು ಮೇಡಂ.

ಹಿಂದಿನ ನಲ್ಲಿ ಹತ್ರ ಕೂತೆ. ಪೇದೆಯೊಬ್ಬರು ಕಾವಲಿಗೆ ನಿಂತರು. ಹುಣಸೆಹಣ್ಣು ಬಟ್ಟಲಲ್ಲಿ ನೆನೆಹಾಕಿದೆ. ಶಬ್ದ ಕೇಳಿ ರಿಪೇರಿಯವರು ಬಾಗಿಲಿಗೆ ಬಂದರು. ರಿವಾಲ್ವರ್ ನೋಡಿದರು. ಬಟ್ಟಲು ನೋಡಿದರು. ಒಳಗೆ ಓಡಿಹೋಗಿ ಸ್ಟೇಷನ್ನಿನ ಬಂದೂಕುಗಳ ಮುಂದೆ ಎರಡು ಕೈ ಅಗಲಿಸಿ ಅಡ್ಡ ನಿಂತರು.

ನಾನು ತಿಕ್ಕಿದೆ. ಎಡಗೈಯಲ್ಲಿ ತಿಕ್ಕಿದೆ. ಅಭ್ಯಾಸ ಇಲ್ಲ, ನಿಧಾನವಾಯಿತು. ಮೂಲೆ ಮೂಲೆಗೂ ಬೆರಳು ಹಾಕಿದೆ. ಅವಳ ಬೆರಳು ಎಲ್ಲೆಲ್ಲಿ ಹೋಗಿತ್ತು ಅಂತ ಕಬ್ಬಿಣವೇ ಹೇಳ್ತಿತ್ತು. ತೊಳೆದು ಒರೆಸಿದೆ. ಹೊಳೀತು. ಮೂರು ಬೊಟ್ಟು ಕುಂಕುಮ ಇಟ್ಟು ಮೇಡಂ ಮೇಜಿನ ಮೇಲೆ ತಂದಿಟ್ಟೆ. ಮೂತಿ ಗೋಡೆ ಕಡೆಗೆ.

ರಿಪೇರಿಯವರು ಇನ್ನೂ ಕೈ ಅಗಲಿಸಿಕೊಂಡೇ ನಿಂತಿದ್ದರು. ನನ್ನ ಕೈಲಿದ್ದ ಡಬ್ಬಾನೇ ನೋಡ್ತಿದ್ದರು. ಬಗ್ಗಿಸಿ ತೋರಿಸಿದೆ.

"ಹುಣಸೆಹಣ್ಣು ಮುಗೀತು ಸ್ವಾಮಿ," ಅಂದೆ.

ಆಮೇಲೆ ಕೈ ಇಳಿಸಿದರು.